ನೋವು, ಗಂಟು, ಫೋಮ್ ರೋಲರ್: ನಿಮ್ಮ ಪ್ರಶ್ನೆಗೆ ಫಿಸಿಯೊ ಉತ್ತರ

ಕಳೆದ ಸಂಚಿಕೆಯಲ್ಲಿ ಮಂಡಿ ನೋವಿನ ಬಗ್ಗೆ ಬರೆಯುವಾಗ ‘ಮನೆಯಲ್ಲಿ ಫೋಮ್ ರೋಲರ್ ಇದ್ದರೆ ತೊಡೆಗೆ ಬಳಸಿ’ ಎಂದು ಒಂದು ಸಾಲು ಸೇರಿಸಿದ್ದೆ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನು ಹಿಡಿದೇ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ರೋಲರ್‌ಗೇ ಮೀಸಲು. ನೋಡದವರಿಗೆ ಒಂದು ಮಾತು: ಇದು ಗಟ್ಟಿ ಫೋಮ್‌ನಿಂದ ಮಾಡಿದ ಉರುಳೆ. ಸುಮಾರು 15 ಸೆಂಟಿಮೀಟರ್ ದಪ್ಪ, ಒಂದರಿಂದ ಮೂರು ಅಡಿ ಉದ್ದ. ಇದನ್ನು ನೆಲದ ಮೇಲಿಟ್ಟು, ನೋಯುವ ಸ್ನಾಯುವನ್ನು ಅದರ ಮೇಲೆ ಊರಿ, ನಮ್ಮದೇ ಮೈಭಾರದಿಂದ ನಿಧಾನವಾಗಿ ಹಿಂದೆ ಮುಂದೆ ಉರುಳುವುದು. ಕೆಲಸ ಇಷ್ಟೇ. ಆದರೆ ಇದರ ಸುತ್ತ ಬೆಳೆದಿರುವ ನಂಬಿಕೆಗಳು ಬಹಳ. ಅದರಲ್ಲೂ ‘ನೋವು ತಡೆದುಕೊಂಡಷ್ಟೂ ಗುಣ ಜಾಸ್ತಿ’ ಎಂಬ ಮಾತು ನನ್ನ ಕ್ಲಿನಿಕ್ಕಿಗೆ ವಾರ ವಾರವೂ ಯಾರನ್ನಾದರೂ ಕಳುಹಿಸುತ್ತಲೇ ಇರುತ್ತದೆ.

ಪ್ರಶ್ನೆ: ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಇಳಿದು ಬಂದೆ. ಮೊದಲ ದಿನ ಏನೂ ಆಗಲಿಲ್ಲ. ಭಾನುವಾರ ನೋಡಿದರೆ ತೊಡೆ ಕಲ್ಲಿನಂತಾಗಿದೆ, ಕುರ್ಚಿಯಿಂದ ಏಳಲು ಆಗುತ್ತಿಲ್ಲ. ‘ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ, ರೋಲರ್‌ನಲ್ಲಿ ಉಜ್ಜಿ ಹೊರಗೆ ತೆಗೀಬೇಕು’ ಎಂದು ಅಣ್ಣನ ಮಗ ಹೇಳುತ್ತಾನೆ. ನಿಜವಾ ಮೇಡಂ? – ಬ್ಯಾಂಕ್ ಉದ್ಯೋಗಿ, 38, ಮೈಸೂರು

ಆಷಾಢದಲ್ಲಿ ಈ ದೂರು ನನಗೆ ಹೊಸದಲ್ಲ. ಶನಿವಾರ ಯಾರೂ ಬರುವುದಿಲ್ಲ, ಭಾನುವಾರ ಸಂಜೆಯಿಂದ ಫೋನ್ ಶುರುವಾಗುತ್ತದೆ. ಕಾರಣ ಇದೆ. ಅಭ್ಯಾಸವಿಲ್ಲದ ಕೆಲಸ ಮಾಡಿದ ಮೇಲೆ ಬರುವ ಈ ನೋವು ತಡವಾಗಿಯೇ ಬರುವುದು. 24 ಗಂಟೆಯಿಂದ 72 ಗಂಟೆಯೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿಯೇ ಇಳಿಯುತ್ತದೆ.

ಹತ್ತಿದ್ದರಿಂದ ನೋವು ಬಂತು ಎಂದೇ ಎಲ್ಲರೂ ತಿಳಿಯುತ್ತಾರೆ. ಹತ್ತುವಾಗ ಉಬ್ಬಸ ಬರುವುದು ನಿಜ, ಆದರೆ ತೊಡೆಯನ್ನು ಹಣ್ಣು ಮಾಡುವುದು ಇಳಿಯುವ ಕೆಲಸ. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಒಂದೊಂದು ಮೆಟ್ಟಿಲು ಇಳಿದಾಗಲೂ ತೊಡೆಯ ಮುಂಭಾಗದ ಸ್ನಾಯು ನಿಮ್ಮ ಇಡೀ ಭಾರವನ್ನು ಹಿಡಿದುಕೊಂಡು, ಹಿಡಿದಂತೆಯೇ ಉದ್ದವಾಗಬೇಕು. ಬಿಗಿಯೂ ಇರಬೇಕು, ಎಳೆತವೂ ತಡೆಯಬೇಕು. ಹೀಗೆ ಮತ್ತೆ ಮತ್ತೆ ಆದಾಗ ಸ್ನಾಯುವಿನ ಎಳೆಗಳಲ್ಲಿ ತೀರಾ ಸಣ್ಣ ಹಾನಿ ಆಗುತ್ತದೆ. ನೀವು ನಂದಿ ದಾಟಿ ಕೆಳಗಿಳಿಯುವಾಗ ಮಂಡಿ ಮೇಲೆ ನಡುಕ ಬಂದಿರಬೇಕು, ಅಲ್ವಾ? ಅದೇ ಮುನ್ಸೂಚನೆ. ಮುಂದಿನ ಒಂದೆರಡು ದಿನ ದೇಹ ಅಲ್ಲಿ ರಿಪೇರಿ ನಡೆಸುತ್ತದೆ, ಸ್ವಲ್ಪ ಬಾವು ಬರುತ್ತದೆ, ಅಲ್ಲಿನ ನರಗಳು ಸೂಕ್ಷ್ಮವಾಗುತ್ತವೆ. ಮುಟ್ಟಿದರೂ ನೋವು, ಮಡಿಸಿದರೂ ನೋವು. ಕುಮಾರಪರ್ವತ ಇಳಿದು ಬಂದ ಹುಡುಗರು ಮರುದಿನ ಬಸ್ಸಿನ ಮೆಟ್ಟಿಲನ್ನು ಅಡ್ಡಡ್ಡ ಇಳಿಯುವುದೂ ಇದಕ್ಕೇ.

ಲ್ಯಾಕ್ಟಿಕ್ ಆಸಿಡ್ ಮಾತು ಸರಿಯಲ್ಲ. ಜೋರಾಗಿ ದಣಿದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯಲ್ಲಿ ಮಾಮೂಲಿಗೆ ಬಂದಿರುತ್ತದೆ. ಭಾನುವಾರದ ತನಕ ಅದು ತೊಡೆಯಲ್ಲಿ ಕೂತಿರುವುದಿಲ್ಲ. ಉಜ್ಜಿ ಹೊರಗೆ ತೆಗೆಯುವಂಥದ್ದು ಅಲ್ಲಿ ಏನೂ ಇಲ್ಲ.

ಹಾಗಾದರೆ ರೋಲರ್ ಏಕೆ? ನೋವು ಸ್ವಲ್ಪ ಕಡಿಮೆ ಅನಿಸುತ್ತದೆ, ಕಾಲು ಸ್ವಲ್ಪ ಸಲೀಸಾಗಿ ಮಡಿಸುತ್ತದೆ. ಅದು ನಿಜವಾದ ಲಾಭ. 2019ರಲ್ಲಿ 21 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ವ್ಯಾಯಾಮದ ನಂತರ ರೋಲರ್ ಬಳಸಿದವರಿಗೆ ನೋವಿನ ಅನುಭವ ಸರಾಸರಿ ಶೇ 6ರಷ್ಟು ಕಡಿಮೆ ಕಂಡುಬಂತು. ಶೇ 6 ಅಂದರೆ ದೊಡ್ಡ ಪವಾಡವಲ್ಲ. ಆದರೆ ಶೌಚಕ್ಕೆ ಕೂರಲೂ ಹೆದರುವ ದಿನ ಅಷ್ಟು ಸಿಕ್ಕರೂ ಬೇಡ ಎನ್ನುವವರು ಯಾರು? ಅದಕ್ಕಿಂತ ಮುಖ್ಯ, ಒಂದು ಸಲ ಕಾಲು ಸಡಿಲ ಅನಿಸಿದರೆ ನೀವು ಎದ್ದು ಓಡಾಡುತ್ತೀರಿ. ಆ ಓಡಾಟವೇ ಒಳ್ಳೆಯ ಔಷಧ.

ಮಾಡುವ ಕ್ರಮ ಹೀಗೆ. ಚಾಪೆಯ ಮೇಲೆ ಬೋರಲು ಮಲಗಿ, ಮೊಣಕೈ ಊರಿ. ರೋಲರನ್ನು ಒಂದು ತೊಡೆಯ ಕೆಳಗೆ, ಮಂಡಿಚಿಪ್ಪಿಗಿಂತ ನಾಲ್ಕು ಬೆರಳು ಮೇಲೆ ಇಡಿ. ಇನ್ನೊಂದು ಕಾಲನ್ನು ಪಕ್ಕಕ್ಕೆ ಮಡಿಸಿ ನೆಲಕ್ಕೆ ಊರಿಕೊಂಡರೆ ಅರ್ಧ ಭಾರ ಅಲ್ಲಿಗೆ ಹೋಗುತ್ತದೆ. ಎಷ್ಟು ಒತ್ತಡ ಬೇಕು ಎಂಬುದು ಆ ಕಾಲಿನ ಕೈಯಲ್ಲಿದೆ. ಈಗ ಮೊಣಕೈಯಿಂದ ಮೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ. ಒಂದು ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್, ಅದಕ್ಕಿಂತ ವೇಗ ಬೇಡ. ತುಂಬಾ ನೋಯುವ ಜಾಗ ಸಿಕ್ಕರೆ ಅಲ್ಲೇ ನಿಂತು ನಾಲ್ಕೈದು ಸಲ ನಿಧಾನವಾಗಿ ಉಸಿರು ಬಿಡಿ. ಉಸಿರು ಬಿಗಿಹಿಡಿಯುತ್ತಿದ್ದೀರಿ ಎಂದರೆ ಭಾರ ಜಾಸ್ತಿಯಾಗಿದೆ ಎಂದರ್ಥ. ಒಂದು ತೊಡೆಗೆ ಒಂದರಿಂದ ಒಂದೂವರೆ ನಿಮಿಷ ಸಾಕು. ದಿನಕ್ಕೆ ಎರಡು ಸಲ ಮಾಡಬಹುದು.

ಒಂದು ಎಚ್ಚರಿಕೆ. ಇಂಥ ನೋವಿನ ಜೊತೆ ಮೂತ್ರ ಕಡು ಕಂದು ಬಣ್ಣಕ್ಕೆ, ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ರೋಲರ್ ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು. ಸ್ನಾಯು ವಿಪರೀತ ಹಾನಿಯಾದಾಗ ಮೂತ್ರಪಿಂಡಕ್ಕೆ ತೊಂದರೆ ಆಗಬಹುದು. ಮೆಟ್ಟಿಲು ಹತ್ತಿದವರಿಗೆ ಇದು ಅಪರೂಪ. ಜಿಮ್‌ಗೆ ಸೇರಿದ ಮೊದಲ ದಿನವೇ ನೂರಾರು ಬೈಠಕ್ ಹೊಡೆದವರಿಗೆ ಆಗುವುದುಂಟು.

ಮುಂದಿನ ಶುಕ್ರವಾರವೂ ಹೋಗುವ ಆಸೆ ಇದ್ದರೆ ನೋವು ಪೂರ್ತಿ ಇಳಿದಿದೆಯಾ ನೋಡಿಕೊಂಡು ಹೋಗಿ. ಎರಡನೇ ಸಲ ಇಷ್ಟು ನೋಯುವುದಿಲ್ಲ. ಸ್ನಾಯು ಒಂದೇ ಸಲಕ್ಕೆ ಪಾಠ ಕಲಿಯುತ್ತದೆ, ಆ ರಕ್ಷಣೆ ಕೆಲವು ವಾರ ಉಳಿಯುತ್ತದೆ.

ಪ್ರಶ್ನೆ: ಹತ್ತು ಕಿಲೋಮೀಟರ್ ಓಟಕ್ಕೆ ತಯಾರಿ ನಡೆಸುತ್ತಿದ್ದೇನೆ. ಮಂಡಿಯ ಹೊರಬದಿ ನೋವು. ‘ಐಟಿ ಬ್ಯಾಂಡ್ ಬಿಗಿಯಾಗಿದೆ, ತೊಡೆಯ ಪಕ್ಕಕ್ಕೆ ರೋಲರ್ ಹಾಕು, ಕಣ್ಣಲ್ಲಿ ನೀರು ಬರುವ ತನಕ ಬಿಡಬೇಡ’ ಎಂದು ಗುಂಪಿನಲ್ಲಿ ಹೇಳುತ್ತಾರೆ. ಮೂರು ವಾರದಿಂದ ಮಾಡುತ್ತಿದ್ದೇನೆ. ತೊಡೆ ನೀಲಿಗಟ್ಟಿದೆ, ಮಂಡಿ ನೋವು ಹಾಗೇ ಇದೆ. – ಸಾಫ್ಟ್‌ವೇರ್ ಎಂಜಿನಿಯರ್, 29, ಬೆಂಗಳೂರು

ದಯವಿಟ್ಟು ಇವತ್ತೇ ನಿಲ್ಲಿಸಿ. ನೀಲಿಗಟ್ಟುವುದು ಗುಣವಾಗುವ ಲಕ್ಷಣವಲ್ಲ, ಅದು ಪೆಟ್ಟು.

ಐಟಿ ಬ್ಯಾಂಡ್ ಎನ್ನುವುದು ಸೊಂಟದ ಪಕ್ಕದಿಂದ ಹೊರಟು ಮಂಡಿಯ ಕೆಳಗೆ ಅಂಟಿಕೊಳ್ಳುವ ದಪ್ಪ, ಗಟ್ಟಿ ಪಟ್ಟಿ. ಅದು ಸ್ನಾಯುವಲ್ಲ. ಉರುಳಿಸಿದರೆ ಸಡಿಲವಾಗುವ ವಸ್ತುವೇ ಅಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಇದರ ಲೆಕ್ಕ ಹಾಕಿದ್ದಾರೆ. ತೊಡೆಯ ಆ ಹೊದಿಕೆಯ ಆಕಾರವನ್ನು ಬರೀ ಶೇ 1ರಷ್ಟು ಬದಲಿಸಬೇಕಾದರೂ ಮನುಷ್ಯನ ಕೈಯಿಂದ ಕೊಡಲು ಸಾಧ್ಯವೇ ಇಲ್ಲದಷ್ಟು ಬಲ ಬೇಕು ಎಂದು ಆ ಲೆಕ್ಕ ಹೇಳುತ್ತದೆ. ನಿಮ್ಮ ಮೈಭಾರ ಅದರ ಹತ್ತಿರಕ್ಕೂ ಬರುವುದಿಲ್ಲ. ನೀವು ಮೂರು ವಾರದಿಂದ ಜಜ್ಜುತ್ತಿರುವುದು ಆ ಪಟ್ಟಿಯ ಮೇಲಿನ ಚರ್ಮವನ್ನು, ಕೊಬ್ಬನ್ನು, ಕೆಳಗಿನ ಸ್ನಾಯುವನ್ನು.

ರೋಲರ್ ‘ಗಂಟು ಒಡೆಯುತ್ತದೆ’ ಎಂಬ ಮಾತೂ ಇದೇ ಜಾತಿಯದು. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ 2015ರಲ್ಲಿ ಒಂದು ಚೆಂದದ ಪ್ರಯೋಗ ನಡೆಯಿತು. ಒಂದು ಮೀನಖಂಡದಲ್ಲಿ ನೋವಿನ ಜಾಗ ಗುರುತಿಸಿ, ರೋಲರನ್ನು ಇನ್ನೊಂದು ಕಾಲಿಗೆ ಹಾಕಿದರು. ನೋಯುತ್ತಿದ್ದ ಕಾಲಿನಲ್ಲೂ ಒತ್ತಡ ತಡೆಯುವ ಶಕ್ತಿ ಹೆಚ್ಚಿತು, ಅದನ್ನು ಮುಟ್ಟದೇ! ಇದನ್ನು ಓದಿದಾಗಿನಿಂದ ನಾನು ರೋಗಿಗಳಿಗೆ ವಿವರಿಸುವ ರೀತಿಯೇ ಬದಲಾಯಿತು. ರೋಲರ್ ಹೆಚ್ಚಾಗಿ ಮಾತಾಡುವುದು ನರಗಳ ಜೊತೆ, ಮಿದುಳಿನ ಜೊತೆ. ‘ಇಲ್ಲಿ ಅಪಾಯವಿಲ್ಲ, ಕಾವಲು ಸ್ವಲ್ಪ ಸಡಿಲಿಸು’ ಎಂದು ಹೇಳುತ್ತದೆ. ಕಣ್ಣೀರು ಬರುವಂತೆ ಒತ್ತಿದರೆ ಸಂದೇಶ ತಿರುಗಾಮುರುಗಾ ಆಗುತ್ತದೆ. ದೇಹ ಇನ್ನೂ ಬಿಗಿಯುತ್ತದೆ. ಹತ್ತಕ್ಕೆ ಐದು, ಹೆಚ್ಚೆಂದರೆ ಆರು ಅನ್ನುವಷ್ಟು ನೋವು ಸಾಕು. ಮುಖ ಕಿವುಚಬಾರದು, ಪಕ್ಕದವರ ಜೊತೆ ಮಾತಾಡಲು ಆಗಬೇಕು.

ನಿಮ್ಮ ಮಂಡಿಗೆ ಬೇಕಿರುವುದು ಬೇರೆ. ಎರಡು ವಾರ ಓಟದ ದೂರ ಇಳಿಸಿ, ಇಳಿಜಾರು ರಸ್ತೆ ಬಿಡಿ. ರೋಲರ್ ಬೇಕೇ ಬೇಕು ಅನಿಸಿದರೆ ತೊಡೆಯ ಪಕ್ಕ ಬಿಟ್ಟು ಪೃಷ್ಠದ ಸ್ನಾಯುವಿಗೆ ಹಾಕಿ. ರೋಲರ್ ಮೇಲೆ ಕೂತು, ನೋಯುವ ಬದಿಗೆ ಸ್ವಲ್ಪ ವಾಲಿ, ಒಂದು ನಿಮಿಷ. ಆಮೇಲೆ ಒಂದು ಮಗ್ಗುಲಿಗೆ ಮಲಗಿ ಮೇಲಿನ ಕಾಲನ್ನು ನೇರವಾಗಿ, ತುಸು ಹಿಂದಕ್ಕೆ ಎತ್ತಿ ಇಳಿಸಿ. ಹದಿನೈದರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಸೊಂಟದ ಪಕ್ಕದ ಸ್ನಾಯು ಗಟ್ಟಿಯಾದರೆ ಮಂಡಿಯ ಮೇಲಿನ ಎಳೆತ ಕಡಿಮೆಯಾಗುತ್ತದೆ. ಒಂದು ತಿಂಗಳಾದರೂ ಬದಲಾವಣೆ ಕಾಣದಿದ್ದರೆ ಹತ್ತಿರದ ಫಿಸಿಯೊಗೆ ನೀವು ಓಡುವುದನ್ನು ತೋರಿಸಿ.

ಪ್ರಶ್ನೆ: ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ 1600 ಮೀಟರ್ ಓಟದ ಅಭ್ಯಾಸ ಮಾಡುತ್ತಿದ್ದೇನೆ ಮೇಡಂ. ದಿನಾ ಬೆಳಿಗ್ಗೆ ಟಾರ್ ರೋಡಿನಲ್ಲಿ ಓಡುತ್ತೇನೆ. ಮೀನಖಂಡ ಬಿಗಿ, ಮುಂಗಾಲಿನ ಮೂಳೆಯಲ್ಲೂ ನೋವು. ರೋಲರ್ ಕೊಳ್ಳುವಷ್ಟು ದುಡ್ಡಿಲ್ಲ. ಬೇರೆ ದಾರಿ ಇದೆಯೇ? – 21, ರಾಣೆಬೆನ್ನೂರು ತಾಲ್ಲೂಕು

ಇದೆ ತಮ್ಮಾ, ನಿಮ್ಮ ಅಡುಗೆಮನೆಯಲ್ಲೇ ಇದೆ. ಚಪಾತಿ ಲಟ್ಟಣಿಗೆ. ಅಂಗಡಿಯಲ್ಲಿ ‘ಮಸಾಜ್ ಸ್ಟಿಕ್’ ಎಂದು ಮಾರುವ ವಸ್ತು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಕುರ್ಚಿಯಲ್ಲಿ ಕೂತು ಪಾದ ಊರಿ, ಮೀನಖಂಡ ಜೋಲಾಡುವಷ್ಟು ಸಡಿಲ ಬಿಡಿ. ಲಟ್ಟಣಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಮ್ಮಡಿಯ ಮೇಲಿನಿಂದ ಮಂಡಿಯ ಕಡೆಗೆ ಉರುಳಿಸಿ. ಮಂಡಿಯ ಹಿಂದಿನ ಗುಳಿಗೆ ನಾಲ್ಕು ಬೆರಳು ಇರುವಾಗಲೇ ನಿಲ್ಲಿಸಿ. ಅಲ್ಲಿ ರಕ್ತನಾಳ, ನರ ಎರಡೂ ಚರ್ಮಕ್ಕೆ ಹತ್ತಿರ. ಅದನ್ನು ಒತ್ತಬಾರದು. ಅಂಗಾಲಿಗೆ ಹಳೆಯ ಟೆನಿಸ್ ಚೆಂಡು ಸಾಕು.

ಮುಂಗಾಲಿನ ಮೂಳೆಯ ವಿಷಯ ಬೇರೆ. ಮೂಳೆಯ ಮೇಲೆ ಲಟ್ಟಣಿಗೆಯೂ ಬೇಡ, ರೋಲರೂ ಬೇಡ. ಈಗ ನೀವೇ ಒಂದು ಪರೀಕ್ಷೆ ಮಾಡಿ. ಮೊಣಕಾಲ ಕೆಳಗಿನ ಮೂಳೆಯ ಒಳಬದಿಯ ಅಂಚಿನ ಉದ್ದಕ್ಕೂ ಹೆಬ್ಬೆರಳು ಒತ್ತುತ್ತಾ ಬನ್ನಿ. ಗೇಣುದ್ದ ಜಾಗದಲ್ಲಿ ಹರಡಿದಂತೆ ನೋವಿದ್ದರೆ ಅದು ಓಟ ಶುರು ಮಾಡಿದ ಹೊಸಬರಿಗೆ ಸಾಮಾನ್ಯವಾಗಿ ಬರುವ ನೋವು. ಓಟ ಅರ್ಧಕ್ಕೆ ಇಳಿಸಿ, ಟಾರ್ ರೋಡು ಬಿಟ್ಟು ಶಾಲೆಯ ಮೈದಾನದ ಮಣ್ಣಿನಲ್ಲಿ ಓಡಿ, ದಿನ ಬಿಟ್ಟು ದಿನ ಓಡಿ. ಹಾಗಲ್ಲದೆ ಒಂದೇ ಬೆರಳಗಲದ ಜಾಗದಲ್ಲಿ ಚುಚ್ಚಿದಂತೆ ನೋವಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದು. ಓಟ ಪೂರ್ತಿ ನಿಲ್ಲಿಸಿ ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ತೋರಿಸಿ. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣಿಸದೇ ಇರಬಹುದು. ಹಾಗಾಗಿ ‘ಎಕ್ಸ್‌ರೇ ಸರಿ ಇದೆ’ ಎಂದು ಮರುದಿನವೇ ಓಡಬೇಡಿ. ಪರೀಕ್ಷೆ ಹತ್ತಿರ ಇದೆ, ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಬಿರುಕಿನ ಮೇಲೆ ಓಡಿದರೆ ಈ ವರ್ಷದ ಪರೀಕ್ಷೆಯ ಜೊತೆ ಮುಂದಿನದೂ ಹೋಗುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದು ಹೋದ ವಾರ ವಾಪಸ್ ಬಂದೆ. ಅವಳೇ ಒಂದು ರೋಲರ್ ಕೊಟ್ಟು ಕಳುಹಿಸಿದ್ದಾಳೆ. ಬಂದಾಗಿನಿಂದ ಎಡ ಮೀನಖಂಡ ನೋವು, ಸ್ವಲ್ಪ ಊದಿದೆ. ರೋಲರ್ ಹಾಕಬಹುದಾ? ಸಕ್ಕರೆ ಕಾಯಿಲೆ ಇದೆ. – ಗೃಹಿಣಿ, 63, ಶಿವಮೊಗ್ಗ

ಅಮ್ಮಾ, ನಿಮ್ಮ ಪತ್ರ ಓದಿದ ದಿನವೇ ಪತ್ರಿಕೆಯ ಕಚೇರಿಯಿಂದ ನಿಮಗೆ ಫೋನ್ ಮಾಡಿಸಿ, ತಕ್ಷಣ ಡಾಕ್ಟರ್ ಹತ್ತಿರ ಹೋಗಲು ಹೇಳಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ಉಳಿದ ಓದುಗರಿಗಾಗಿ.

ಗಂಟೆಗಟ್ಟಲೆ ವಿಮಾನದಲ್ಲೋ ಬಸ್ಸಿನಲ್ಲೋ ಕೂತು ಬಂದ ಮೇಲೆ, ಆಪರೇಷನ್ ಆಗಿ ಮಲಗಿದ್ದ ಮೇಲೆ, ಹೆರಿಗೆಯ ಆಸುಪಾಸಿನಲ್ಲಿ, ಒಂದೇ ಕಾಲಿನ ಮೀನಖಂಡ ನೋಯುತ್ತಿದ್ದರೆ, ಊದಿದ್ದರೆ, ಬಿಸಿಯಾಗಿ ಕೆಂಪಾಗಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ಅಲ್ಲಿ ಉಜ್ಜಿದರೆ, ಒತ್ತಿದರೆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಜೀವಕ್ಕೇ ಅಪಾಯ. ರೋಲರ್ ಮಾತ್ರ ಅಲ್ಲ, ಎಣ್ಣೆ ಹಚ್ಚಿ ನೀವುವುದೂ ಬೇಡ. ಡಾಪ್ಲರ್ ಎಂಬ ಸ್ಕ್ಯಾನ್ ಮಾಡಿ ನೋಡುತ್ತಾರೆ, ನೋವಿಲ್ಲದ ಪರೀಕ್ಷೆ. ಇದರ ಜೊತೆ ಉಸಿರಾಟಕ್ಕೆ ಕಷ್ಟವಾದರೆ, ಎದೆ ನೋವು ಬಂದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದ್ದು ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುವವರಿಗೆ ಎಷ್ಟು ಒತ್ತುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಒತ್ತಡಕ್ಕೂ ರಕ್ತ ಹೆಪ್ಪಿನ ಕಲೆ ಏಳುತ್ತದೆ. ಮೂಳೆ ಸವೆತ ಇರುವವರು, ಕಾಲಿನಲ್ಲಿ ಹುರಿಗಟ್ಟಿದ ರಕ್ತನಾಳ ಇರುವವರು ಕೂಡ ವೈದ್ಯರನ್ನು ಕೇಳದೆ ರೋಲರ್ ಮುಟ್ಟಬೇಡಿ.

ಪ್ರಶ್ನೆ: ವ್ಯಾಯಾಮಕ್ಕೆ ಮೊದಲೋ, ಆಮೇಲೋ? – ಕಾಲೇಜು ವಿದ್ಯಾರ್ಥಿನಿ, ಮೂಡಬಿದಿರೆ

ಎರಡೂ ಆಗುತ್ತದೆ, ಉದ್ದೇಶ ಬೇರೆ. ಮೊದಲು ಮಾಡಿದರೆ ಕೀಲು ಸಲೀಸಾಗುತ್ತದೆ. 2013ರ ಒಂದು ಅಧ್ಯಯನದಲ್ಲಿ ತೊಡೆಗೆ ಒಂದೊಂದು ನಿಮಿಷದಂತೆ ಎರಡು ಸಲ ರೋಲರ್ ಹಾಕಿದಾಗ ಮಂಡಿ ಸುಮಾರು 10 ಡಿಗ್ರಿ ಜಾಸ್ತಿ ಬಾಗಿತು, ಸ್ನಾಯುವಿನ ಬಲ ಕುಗ್ಗಲಿಲ್ಲ. ಹತ್ತು ನಿಮಿಷದ ಹೊತ್ತಿಗೆ ಲಾಭ 8 ಡಿಗ್ರಿಗೆ ಇಳಿದಿತ್ತು. ಅಂದರೆ ಇದು ಬೇಗ ಕರಗುವ ಲಾಭ. ರೋಲರ್ ಮುಗಿಸಿ ಮೊಬೈಲ್ ನೋಡುತ್ತಾ ಕೂರದೆ ನೇರ ವಾರ್ಮಪ್‌ಗೆ ಹೋಗಿ. ನೋವು ತಗ್ಗಿಸಲಿಕ್ಕಾದರೆ ವ್ಯಾಯಾಮದ ನಂತರ ಮತ್ತು ಮುಂದಿನ ಎರಡು ದಿನ ಮಾಡಿ.

ಪ್ರಶ್ನೆ: ನಮ್ಮ ಕಾಲದಲ್ಲಿ ಗರಡಿಯಲ್ಲಿ ಜೋಡಿ ತಿರುಗಿಸಿ, ಕುಸ್ತಿ ಆಡಿ, ಆಮೇಲೆ ಒಬ್ಬರಿಗೊಬ್ಬರು ಎಣ್ಣೆ ಹಚ್ಚಿ ಮಾಲೀಸು ಮಾಡಿಕೊಳ್ಳುತ್ತಿದ್ದೆವು. ಮೊಮ್ಮಗ ಅದನ್ನು ಬಿಟ್ಟು ಪ್ಲಾಸ್ಟಿಕ್ ಕೊಳವೆ ಮೇಲೆ ಉರುಳುತ್ತಾನೆ. ಯಾವುದು ಮೇಲು? – ನಿವೃತ್ತ ದೈಹಿಕ ಶಿಕ್ಷಕ, 71, ದಾವಣಗೆರೆ

ಸರ್, ನಿಮ್ಮ ಮಾಲೀಸೇ ಮೇಲು. ಸುಮ್ನೆ ನಿಮ್ಮನ್ನು ಖುಷಿಪಡಿಸಲು ಹೇಳುತ್ತಿಲ್ಲ. 2018ರಲ್ಲಿ 99 ಅಧ್ಯಯನಗಳನ್ನು ಕೂಡಿಸಿ, ಐಸ್ ನೀರು, ಬಿಗಿಯುಡುಪು, ಸ್ಟ್ರೆಚಿಂಗ್ ಎಲ್ಲವನ್ನೂ ಹೋಲಿಸಿ ನೋಡಿದರು. ವ್ಯಾಯಾಮದ ನಂತರದ ನೋವಿಗೂ ದಣಿವಿಗೂ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮಸಾಜು. ಕೈಗೆ ಇರುವ ತಿಳಿವಳಿಕೆ ಫೋಮ್‌ಗೆ ಇಲ್ಲ. ಒಳ್ಳೆಯ ಕೈ ಸ್ನಾಯು ಎಲ್ಲಿ ಬಿಗಿದಿದೆ ಎಂದು ಹುಡುಕುತ್ತದೆ, ಅಲ್ಲಿ ತಾನಾಗಿ ನಿಧಾನವಾಗುತ್ತದೆ.

ಆದರೆ ನಿಮ್ಮ ಮೊಮ್ಮಗನಿಗೆ ಗರಡಿಯ ಜೊತೆಗಾರರಿಲ್ಲ. ರಾತ್ರಿ ಒಂಬತ್ತಕ್ಕೆ ಜಿಮ್‌ನಿಂದ ಬಂದ ಹುಡುಗನಿಗೆ ಮಾಲೀಸು ಮಾಡುವವರು ಯಾರು? ಒಬ್ಬನೇ ಇದ್ದಾಗ ರೋಲರ್ ಒಳ್ಳೆಯ ಸಂಗಾತಿ. ವಾರಕ್ಕೊಮ್ಮೆ ನೀವೇ ಅವನ ತೊಡೆಗೆ, ಬೆನ್ನಿಗೆ ಎಣ್ಣೆ ಹಚ್ಚಿ ನೀವಿಕೊಡಿ. ನಿಮ್ಮ ಕೈಗೆ ಗೊತ್ತಿರುವುದನ್ನು ಅವನಿಗೂ ಕಲಿಸಿಕೊಡಿ ಎಂದು ನನ್ನ ಬೇಡಿಕೆ.

ಪ್ರಶ್ನೆ: ಅಡಿಕೆ ಸುಲಿಯುವ ಕಾಲದಲ್ಲಿ ದಿನವಿಡೀ ಬಗ್ಗಿ ಕೂರುತ್ತೇವೆ. ಬೆನ್ನು, ಸೊಂಟ ಎರಡೂ ಹಿಡಿದುಕೊಳ್ಳುತ್ತದೆ. ರೋಲರ್ ಮೇಲೆ ಮಲಗಿದರೆ ಲಟ್ ಎಂದು ಸದ್ದು ಬಂದು ಹಾಯೆನಿಸುತ್ತದೆ. ತಪ್ಪೇನಿಲ್ಲ ತಾನೇ? – 45, ಶಿರಸಿ ತಾಲ್ಲೂಕು

ಬೆನ್ನಿನ ಮೇಲ್ಭಾಗಕ್ಕೆ ತಪ್ಪಿಲ್ಲ. ಸೊಂಟಕ್ಕೆ ಬೇಡ. ಮೇಲಿನ ಬೆನ್ನಿಗೆ ಪಕ್ಕೆಲುಬಿನ ಗೂಡು ಆಸರೆ ಕೊಡುತ್ತದೆ. ಸೊಂಟದ ಹತ್ತಿರ ಆ ಆಸರೆ ಇಲ್ಲ. ಅಲ್ಲಿ ದುಂಡಗಿನ ವಸ್ತು ಇಟ್ಟು ಮಲಗಿದರೆ ಬೆನ್ನುಮೂಳೆ ಅತಿಯಾಗಿ ಹಿಂದಕ್ಕೆ ಬಾಗುತ್ತದೆ, ಸ್ನಾಯು ಸಡಿಲವಾಗುವ ಬದಲು ಸೆಟೆಯುತ್ತದೆ.

ಸರಿಯಾದ ಕ್ರಮ ಹೇಳುತ್ತೇನೆ. ಅಂಗಾತ ಮಲಗಿ, ಮಂಡಿ ಮಡಿಸಿ, ರೋಲರನ್ನು ಅಡ್ಡಲಾಗಿ ಹೆಗಲೆಲುಬಿನ ಕೆಳತುದಿಯ ಮಟ್ಟಕ್ಕೆ ಇಡಿ. ಬೆರಳು ಹೆಣೆದು ಎರಡೂ ಅಂಗೈಯಲ್ಲಿ ತಲೆಯ ಭಾರ ಹೊತ್ತುಕೊಳ್ಳಿ, ಕತ್ತು ಜೋತು ಬೀಳಬಾರದು. ಪೃಷ್ಠ ನೆಲಕ್ಕೇ ಇರಲಿ. ಉಸಿರು ಬಿಡುತ್ತಾ ರೋಲರ್ ಮೇಲೆ ನಿಧಾನವಾಗಿ ಹಿಂದಕ್ಕೆ ಬಾಗಿ, ಉಸಿರು ತೆಗೆದುಕೊಳ್ಳುತ್ತಾ ಎದ್ದು ಬನ್ನಿ. ಐದಾರು ಸಲ ಆದ ಮೇಲೆ ರೋಲರನ್ನು ಎರಡು ಬೆರಳು ಮೇಲಕ್ಕೆ ಸರಿಸಿ ಮತ್ತೆ ಮಾಡಿ. ಕತ್ತಿನ ಬುಡ ಬಂದಾಗ ನಿಲ್ಲಿಸಿ. ಸದ್ದು ಬಂದರೆ ಹೆದರಬೇಕಿಲ್ಲ, ಬರಲೇಬೇಕು ಎಂದು ಒತ್ತಲೂ ಬೇಡ.

ಸೊಂಟದ ಹಿಡಿತಕ್ಕೆ ಪೃಷ್ಠಕ್ಕೂ ತೊಡೆಯ ಹಿಂಭಾಗಕ್ಕೂ ರೋಲರ್ ಹಾಕಿ. ಹಲವರಿಗೆ ಅಲ್ಲಿಂದಲೇ ಆರಾಮ ಸಿಗುತ್ತದೆ. ಆದರೆ ಇಡೀ ದಿನ ಬಗ್ಗಿ ಕೂತು ರಾತ್ರಿ ಎರಡು ನಿಮಿಷ ಉರುಳಿದರೆ ಲೆಕ್ಕ ಸರಿಹೋಗುವುದಿಲ್ಲ. ಮಣೆಯ ಕೆಳಗೆ ಒಂದು ಹಲಗೆ ಇಟ್ಟು ಕೂರುವ ಎತ್ತರ ಏರಿಸಿ. ಅರ್ಧ ಗಂಟೆಗೊಮ್ಮೆ ಎದ್ದು ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ಬಾಗಿ, ಅಂಗಳದ ತನಕ ಹೋಗಿ ಬನ್ನಿ. ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜುಮ್ಮೆನ್ನುತ್ತಿದ್ದರೆ ರೋಲರ್ ಬಿಟ್ಟು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಯಾವ ರೋಲರ್ ಕೊಳ್ಳಲಿ? ಮುಳ್ಳುಮುಳ್ಳಾಗಿರುವುದು, ಕಂಪಿಸುವುದು, ಹೀಗೆ ಏನೇನೋ ಇವೆ. – ಶಿಕ್ಷಕಿ, 34, ತುಮಕೂರು

ಮೊದಲ ಸಲಕ್ಕೆ ನುಣುಪಾದದ್ದು, ಮಧ್ಯಮ ಗಟ್ಟಿಯದು, ಒಂದೂವರೆ ಅಡಿ ಉದ್ದದ್ದು ಸಾಕು. ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳು ಸ್ವಲ್ಪ ಒಳಗೆ ಹೋಗಿ, ಬಿಟ್ಟ ಕೂಡಲೇ ಗುರುತು ಮಾಯವಾಗಬೇಕು. ಗುರುತು ಉಳಿದರೆ ಆ ಫೋಮ್ ಬೇಗ ಚಪ್ಪಟೆಯಾಗುತ್ತದೆ. ಬೆರಳು ಒಳಗೇ ಹೋಗದಿದ್ದರೆ ಹೊಸಬರಿಗೆ ಅದು ಗಟ್ಟಿ. ಮುಳ್ಳಿನದು ಈಗ ಬೇಡ. ಕಂಪಿಸುವುದಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಜೊತೆ ಒಳ್ಳೆಯ ಶೂ ಬರುತ್ತದೆ, ದಿನವಿಡೀ ತರಗತಿಯಲ್ಲಿ ನಿಲ್ಲುವ ನಿಮ್ಮ ಕಾಲಿಗೆ ಅದೇ ಹೆಚ್ಚು ಉಪಯೋಗ. ಬೆನ್ನಿಗೂ ಬೇಕು ಎಂದರೆ ಮಾತ್ರ ಮೂರಡಿಯದು ನೋಡಿ. ಬೆವರಿನ ಮೈಯಲ್ಲಿ ಬಳಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಇಡಿ. ಬಿಸಿಲಿಗೆ ಹಾಕಿದರೆ ಫೋಮ್ ಬಿರುಕು ಬಿಡುತ್ತದೆ.